ಮೊಣಕಾಲೆತ್ತರದ ದಾಕ್ಷಾಯಣಮ್ಮ

ಈಜಿಪ್ಟ್ ದೇಶ
೬ನೇ ಫೆಬ್ರವರಿ ೧೯೧೬

ಅಪ್ಪಾಜಿಯವರ ಪಾದಗಳಿಗೆ ನಂದೀಶನ ಶರಣು.

ನಾನು ಗಟ್ಟಿಮುಟ್ಟಾಗಿದ್ದೇನೆ. ಈ ಸಾಲನ್ನು ಅವ್ವನಿಗೆ ಬೆರಳಿಟ್ಟು ತೋರಿಸಿ, ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಗುಂಡು ಹಾರುವ ಕಡೆಗೆ ನನ್ನನ್ನು ಇನ್ನೂ ಕಳಿಸಿಲ್ಲ. ನಮ್ಮ ಮೈಸೂರು ದಂಡಿನ ಕುದುರೆಗಳ ಮೇವಿನ ಉಗ್ರಾಣಕ್ಕೆ ಗುಮಾಸ್ತನಾಗಿ ಕೂರಿಸಿದ್ದಾರೆ. ಕುದುರೆಗಳು ತಿನ್ನುತ್ತವೆ, ನಾನು ಬರೆದಿಡುತ್ತೇನೆ. ಸದ್ಯಕ್ಕೆ ನನ್ನ ಶೌರ್ಯ ಇಷ್ಟೇ.

ಹೋದ ತಿಂಗಳು ಮೇವು ಕೊಳ್ಳಲು ನೈಲ್ ನದಿಯ ದಂಡೆಯ ಒಂದು ಊರಿಗೆ ಹೋಗಿದ್ದೆ. ಊರಿನ ಹೆಸರು ಬರೆಯಬಾರದೆಂದು ಹುಕುಂ ಆಗಿದೆ. ಅಲ್ಲೊಂದು ಹಳೆಯ ದೇವಸ್ಥಾನ. ಒಂದೊಂದು ಕಂಬವೂ ನಮ್ಮ ಬೆಟ್ಟದ ಕೋಟೆ ಬಾಗಿಲಿಗಿಂತ ಎತ್ತರ, ಗೋಡೆಯ ತುಂಬ ಉಬ್ಬುಶಿಲ್ಪ. ನಮ್ಮ ಕಡೆ ಕಲ್ಲು ಕೆತ್ತಿ ಎಣ್ಣೆ ಹಚ್ಚಿ ಬಿಟ್ಟುಬಿಡುತ್ತಾರಲ್ಲ, ಇವರು ಕೆತ್ತಿದ ಮೇಲೆ ಬಣ್ಣ ಬಳಿದಿದ್ದಾರೆ. ಸಾವಿರಾರು ವರ್ಷವಾಗಿದ್ದರೂ ಬಿಸಿಲು ಬೀಳದ ಮೂಲೆಗಳಲ್ಲಿ ನೀಲಿ, ಹಸಿರು, ಕೆಂಪು ಎಲ್ಲ ನಿನ್ನೆ ಬಳಿದಂತಿವೆ. ಗಂಡಸರ ಮೈಗೆ ಕೆಮ್ಮಣ್ಣಿನ ಬಣ್ಣ, ಹೆಂಗಸರಿಗೆ ಅರಿಸಿನದ ಬಣ್ಣ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಪೂರ್ತಿ ನಮ್ಮನ್ನೇ ನೋಡುತ್ತದೆ. ಎದೆ ನೇರಕ್ಕಿದೆ, ಕಾಲು ಮತ್ತೆ ಪಕ್ಕಕ್ಕೆ. ಎರಡು ಪಾದದ ಹೆಬ್ಬೆರಳೂ ಒಂದೇ ಕಡೆಗಿವೆ. ಚಪ್ಪಲಿ ಹೊಲಿಯುವವನಿಗೆ ಕಷ್ಟ.

ತಮಾಷೆ ಕೇಳಿ. ಒಂದು ಕಡೆ ರಾಜ ಮಾಡು ಮುಟ್ಟುವಷ್ಟು ಎತ್ತರಕ್ಕೆ ನಿಂತಿದ್ದಾನೆ. ಅವನ ಮೊಣಕಾಲಿನ ಹತ್ತಿರ ಒಂದು ಪುಟ್ಟ ಹೆಂಗಸು. ಮಗಳಿರಬೇಕು ಅಂದುಕೊಂಡೆ. ತೋರಿಸಲು ಬಂದಿದ್ದ ಮುದುಕ ಪಟ್ಟದ ರಾಣಿ ಅಂದ. ದೊಡ್ಡವರನ್ನು ದೊಡ್ಡದಾಗಿ, ಮಿಕ್ಕವರನ್ನು ಚಿಕ್ಕದಾಗಿ ಕೆತ್ತುವುದು ಇಲ್ಲಿನ ಪದ್ಧತಿಯಂತೆ.

ಅವ್ವ ಹರಕೆ ಹೊತ್ತ ಮಂಟಪ ಎಲ್ಲಿಯವರೆಗೆ ಬಂತು?

ನಿಮ್ಮ ಮಗ,
ನಂದೀಶ್ವರಯ್ಯ

*

ಮಧುಗಿರಿ
೨೮ನೇ ಮಾರ್ಚ್ ೧೯೧೬

ಚಿರಂಜೀವಿ ನಂದೀಶನಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ನಮ್ಮ ಬೆಲ್ಲದ ಮಂಡಿಯಲ್ಲಿ ಎಲ್ಲರೆದುರಿಗೆ ಗಟ್ಟಿಯಾಗಿ ಓದಿದೆ. ತೂಕ ಮಾಡುತ್ತಿದ್ದವರು ತಕ್ಕಡಿ ಬಿಟ್ಟು ಕೇಳಿದರು. ಆ ದೇಶದ ಜನ ತಿಳಿದವರು ಎಂದು ನನಗೆ ಅನ್ನಿಸಿತು. ಎರಡು ರಾತ್ರಿ ಅದನ್ನೇ ಯೋಚಿಸಿದೆ.

ಮಂಟಪದ ಕಂಬಗಳು ನಿಂತಿವೆ. ನೀನು ಕ್ಷೇಮವಾಗಿ ಹಿಂದಿರುಗಲೆಂದು ಬಡವನಹಳ್ಳಿ ದಾರಿಯ ಬಸವಣ್ಣನ ಗುಡಿಯ ಮುಂದೆ ಅದನ್ನು ಕಟ್ಟಿಸುವ ಹರಕೆ ಹೊತ್ತವಳು ನಿಮ್ಮವ್ವ, ಬಿಸಿಲಲ್ಲಿ ನಿಂತು ಕಟ್ಟಿಸುತ್ತಿರುವವನು ನಾನು. ಕಟ್ಟಿಸಿದ ಗಂಡ ಹೆಂಡತಿ ಇಬ್ಬರನ್ನೂ ಕಂಬದ ಬುಡದಲ್ಲಿ ಗೇಣುದ್ದ ಕೆತ್ತುವುದು ನಮ್ಮ ಕಡೆಯ ವಾಡಿಕೆ. ನಿಮ್ಮ ತಾತನನ್ನೂ ಹಾಗೇ ಕೆತ್ತಿದ್ದಾರೆ. ಬಗ್ಗಿ ನೋಡಿದರೆ ತಾತನೋ ಶುಂಠಿ ಬೇರೋ ಹೇಳುವುದು ಕಷ್ಟ. ನನಗೆ ಆ ಗತಿ ಬೇಡ. ಮಂಟಪದ ಪಕ್ಕಕ್ಕೆ ಆಳೆತ್ತರದ ಒಂದು ಚಪ್ಪಡಿ ನಿಲ್ಲಿಸಿ, ಅದರ ಮೇಲೆ ಈಜಿಪ್ಟಿನ ಕ್ರಮದಲ್ಲಿ ನಮ್ಮಿಬ್ಬರನ್ನೂ ಉಬ್ಬಿಸಿ ಕೆತ್ತಿ ಬಣ್ಣ ಬಳಿಯಲು ಸಿರಾದ ಕಾಳಾಚಾರಿಗೆ ಹೇಳಿದ್ದೇನೆ.

ಕಾಳಾಚಾರಿ ತಕರಾರು ತೆಗೆದ. "ಯಜಮಾನ್ರೇ, ಒಳಗಿರೋ ಬಸವಣ್ಣ ನಿಮ್ಮ ಸೊಂಟಕ್ಕೆ ಬರ್ತಾನೆ, ಆಮೇಲೆ ನನ್ನ ಕೇಳ್ಬೇಡಿ" ಅಂದ. ಬಸವಣ್ಣ ಕೂತಿದ್ದಾನೆ, ಎದ್ದು ನಿಂತರೆ ಸರಿಹೋಗುತ್ತದೆ ಎಂದು ಹೇಳಿ ಬಾಯಿ ಮುಚ್ಚಿಸಿದೆ. ನಾನು ಪಕ್ಕಕ್ಕೆ ಮುಖ ಮಾಡಿ ಒಂದು ಹೆಜ್ಜೆ ಮುಂದಿಟ್ಟಿರುತ್ತೇನೆ. ಎತ್ತಿದ ಕೈಯಲ್ಲಿ ಬಿಲ್ವದ ಕಡ್ಡಿ. ಹೆಗಲಿನ ವಸ್ತ್ರದ ತುದಿ ಹಿಂದೆ ಗಾಳಿಗೆ ಹಾರುತ್ತಿರುತ್ತದೆ, ಅದು ನನ್ನದೇ ಯೋಚನೆ. ನಿಮ್ಮವ್ವ ಪದ್ಧತಿಯ ಪ್ರಕಾರ ಮೊಣಕಾಲಿನ ಹತ್ತಿರ.

ಅವಳಿಗೆ ಇನ್ನೂ ತೋರಿಸಿಲ್ಲ. ಒಟ್ಟಿಗೇ ನೋಡಿ ಸಂತೋಷಪಡಲಿ ಎಂದು ಗೋಣಿತಾಟು ಹೊದಿಸಿದ್ದೇನೆ.

ಇಂತಿ,
ವೃಷಭೇಂದ್ರಪ್ಪ

*

ಈಜಿಪ್ಟ್ ದೇಶ
೫ನೇ ಮೇ ೧೯೧೬

ಅಪ್ಪಾಜಿ, ಶರಣು.

ಗೋಣಿತಾಟು ತೆಗೆಯಬೇಡಿ. ಕಾಳಾಚಾರಿಯನ್ನು ಸಿರಾಕ್ಕೆ ವಾಪಸ್ಸು ಕಳಿಸಿ. ನಾನು ಬರೆದದ್ದು ತಮಾಷೆಗೆ. ಆ ರಾಜರು ಯಾರೂ ರಾಣಿ ಬಡಿಸಿದ ಮುದ್ದೆ ಉಂಡು ಬದುಕಬೇಕಾದವರಲ್ಲ, ನೀವು ಹಾಗಲ್ಲ.

ಈ ಕಾಗದ ನಿಮಗೆ ಬೇಗ ಸಿಗಲೆಂದು ಟಪಾಲಿನವನ ಕೈಕಾಲು ಹಿಡಿದಿದ್ದೇನೆ.

ನಂದೀಶ

*

ಕೊರಟಗೆರೆ
೨೦ನೇ ಮೇ ೧೯೧೬

ನನ್ನ ಕಂದ ನಂದೀಶನಿಗೆ ಅವ್ವ ಮಾಡುವ ಆಶೀರ್ವಾದ.

ಮೇಲೆ ಕೊರಟಗೆರೆ ಅಂತ ಬರೆದಿರುವುದು ನೋಡಿ ಗಾಬರಿಯಾಗಬೇಡ. ನಿಮ್ಮ ಅಡವಯ್ಯ ಮಾವನ ಮನೆಯಲ್ಲಿ ಸುಖವಾಗಿದ್ದೇನೆ. ಇಲ್ಲಿ ಎಲ್ಲರೂ ನನ್ನ ಎತ್ತರಕ್ಕೇ ಇದ್ದಾರೆ.

ಸಂತೆಯ ದಿನ ನಿಮ್ಮಪ್ಪ ಹೊಸ ಪೇಟ ಸುತ್ತಿಕೊಂಡು, ಬಾ ನಿನಗೊಂದು ತೋರಿಸಬೇಕು ಅಂತ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಒಬ್ಬರೇ ನಗುತ್ತಿದ್ದರು. ಗೋಣಿತಾಟು ಎಳೆದರು. ಚಪ್ಪಡಿಯ ತುಂಬ ಒಬ್ಬ ಕೆಂಪು ಮನುಷ್ಯ ಕಾಣಿಸಿದ. ಗಾಡಿಯ ಗಾಲಿಗೆ ಬಳಿಯುವ ಕೆಂಪು. ಪಕ್ಕಕ್ಕೆ ತಿರುಗಿದ ಮುಖ, ಎತ್ತಿದ ಕೈ, ಮುಂದಿಟ್ಟ ಹೆಜ್ಜೆ. ಹಿಂದೆ ಬಟ್ಟೆಯ ತುದಿ ಸುರುಳಿ ಸುತ್ತಿಕೊಂಡು ಮೇಲಕ್ಕೆ ಹೋಗಿದೆ. ನಾನೆಲ್ಲಿ ಅಂತ ಕೇಳಿದೆ. ಕೆಳಗೆ ನೋಡು ಅಂದರು.

ಬಗ್ಗಿ ನೋಡಿದೆ ಕಣಪ್ಪ. ಅವರ ಹೆಜ್ಜೆಯ ಸಂದಿಯಲ್ಲಿ ಕಾಮಾಲೆ ಬಂದವಳ ಹಾಗೆ ಹಳದಿ ಹಚ್ಚಿಸಿಕೊಂಡು ಮುದುರಿಕೊಂಡಿದ್ದೇನೆ. ಇದು ಆ ದೇಶದ ಪದ್ಧತಿ ಅಂತ ನಿಮ್ಮಪ್ಪ ವಿವರಿಸಲು ಶುರುಮಾಡುವಷ್ಟರಲ್ಲಿ ಕುರಿಹಟ್ಟಿಯ ಕರಿಯಕ್ಕ ಬುಟ್ಟಿ ಇಳಿಸಿ ಆ ಕಲ್ಲಿಗೆ ಅಡ್ಡಬಿದ್ದಳು. ಎದ್ದು ನನ್ನನ್ನು ಕೇಳಿದಳು. "ಅಮ್ಮಾರೇ, ಆಂಜನೇಯಪ್ಪ ಬಲು ಲಕ್ಷಣವಾಗವ್ನೆ. ಕಾಲ್ತಾವ ತುಳಿಸ್ಕೊಂಡಿರೋ ಅಳದಿ ರಾಕ್ಸಿ ಯಾರು, ಲಂಕಿಣಿನಾ?"

"ಅದು ನಾನು ಕಣಮ್ಮ" ಅಂದೆ.

ಅಲ್ಲಿಂದಲೇ ಗಾಡಿ ಹತ್ತಿದೆ. ಚಿಕ್ಕದಾಗಿ ಕೆತ್ತಿದ್ದಕ್ಕೆ ನನಗೆ ಸಿಟ್ಟು ಅಂತ ನಿಮ್ಮಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಗೇಣುದ್ದ ಕೆತ್ತಿದ್ದರೂ ಇಬ್ಬರೂ ಗೇಣುದ್ದವೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ನೀನು ಹಡಗು ಹತ್ತಿದ ದಿನ ಬಸವಣ್ಣನ ಮುಂದೆ ನೆಲಕ್ಕೆ ಹಣೆ ಹಚ್ಚಿ ಹರಕೆ ಹೊತ್ತವಳು ನಾನು. ಅಲ್ಲಿ ಕೈಮುಗಿದು ನಿಲ್ಲಬೇಕಾದವಳು ತುಳಿಸಿಕೊಂಡು ಬಿದ್ದಿದ್ದೇನೆ. ಆ ಕಲ್ಲು ಹಾಗೆ ಇರುವವರೆಗೆ ಆ ಮನೆಯ ಹೊಸಿಲು ದಾಟುವುದಿಲ್ಲ.

ನೀನು ವೇಳೆಗೆ ಸರಿಯಾಗಿ ಉಣ್ಣು. ನೋಡಿದ್ದನ್ನೆಲ್ಲ ನಿಮ್ಮಪ್ಪನಿಗೆ ಬರೆಯಬೇಡ.

ಅವ್ವ,
ದಾಕ್ಷಾಯಣಮ್ಮ

*

ಮಧುಗಿರಿ
೧೮ನೇ ಜೂನ್ ೧೯೧೬

ಚಿ. ನಂದೀಶನಿಗೆ,

ಗೋಣಿತಾಟು ತೆಗೆಯಬೇಡಿ ಎಂಬ ನಿನ್ನ ಕಾಗದ ಬಂತು. ತೆಗೆದು ಒಂದು ತಿಂಗಳಾದ ಮೇಲೆ ಬಂತು.

ನಿಮ್ಮವ್ವ ಹೋದಾಗಿನಿಂದ ಮುದ್ದೆ ನನ್ನ ಮಾತು ಕೇಳುತ್ತಿಲ್ಲ. ಒಂದು ದಿನ ಗಂಜಿಯಾಗುತ್ತದೆ, ಒಂದು ದಿನ ಕಾಳಾಚಾರಿ ಕೆತ್ತಬಹುದಾದಷ್ಟು ಗಟ್ಟಿಯಾಗುತ್ತದೆ. ಅದು ಹೋಗಲಿ. ಸಂತೆಗೆ ಬರುವ ಜನ ನನಗೆ ಎಣ್ಣೆ ಸುರಿಯಲು ಶುರುಮಾಡಿದ್ದಾರೆ. ಹೋದ ಶನಿವಾರ ಯಾರೋ ವಡೆಸರ ಹಾಕಿ ಹೋಗಿದ್ದಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು, ಎದುರಿಗೇ ನನ್ನನ್ನು ಆಂಜನೇಯ ಮಾಡಿದರೆ ಏನು ಮಾಡಲಿ? ಕುರಿ ಕಾಯುವ ಮುದ್ದಪ್ಪ ಬೆಣ್ಣೆ ಮೆತ್ತುತ್ತಿದ್ದಾಗ ಅಯ್ಯಾ ಅದು ದೇವರಲ್ಲ, ನಾನು, ಪಕ್ಕದಿಂದ ನೋಡು ಎಂದು ಕತ್ತು ತಿರುಗಿಸಿ ತೋರಿಸಿದೆ. ಅವನು ಎರಡೂ ಮುಖ ನೋಡಿದ. "ನೀವ್ ಯಾರಾದ್ರೂ ಆಗ್ರಿ ಸ್ವಾಮಿ, ಅರಕೆ ಮಾಡ್ಕಂಡ್ ಮ್ಯಾಲೆ ನನ್ ಟಗರು ಸಿಕ್ತು" ಎಂದು ಮೆತ್ತುವುದನ್ನು ಮುಂದುವರಿಸಿದ.

ಇನ್ನು ನಿಜವಾದ ಕಷ್ಟ ಕೇಳು. ಮಂಟಪ ಮುಗಿದಿದೆ. ಪೂಜೆಗೆ ಕರೆಯಲು ಮಠಕ್ಕೆ ಹೋದರೆ, ಹರಕೆ ಹೊತ್ತವಳು ನಿನ್ನ ಪಕ್ಕದಲ್ಲಿ ಕೂತಿದ್ದರೆ ಮಾತ್ರ ಬರುತ್ತೇವೆ ಎಂದು ಸ್ವಾಮಿಗಳು ಅಪ್ಪಣೆ ಕೊಡಿಸಿದರು. ಪೂಜೆಯಾಗದೆ ಹರಕೆ ತೀರುವುದಿಲ್ಲ. ನೀನು ಆ ಕಡೆ ಇದ್ದೀಯೆ. ಹರಕೆ ಅರ್ಧಕ್ಕೆ ನಿಂತಿದೆ ಎಂದು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ. ಮುದ್ದೆ ಕೆಟ್ಟಿರುವುದರಿಂದ ಅಲ್ಲ.

ಇದನ್ನು ಶುರುಮಾಡಿದವನು ನೀನು. ಅವಳಿಗೆ ಬರೆದು ಒಪ್ಪಿಸುವುದೂ ನಿನಗೆ ಸೇರಿದ್ದು. ಅಷ್ಟರಲ್ಲಿ ನಾನು ಅವಳ ತಲೆಯ ಮೇಲೆ ಸುಣ್ಣದ ಗಾರೆ ಮೆತ್ತಿಸಿ ಒಂದಿಷ್ಟು ಬೆಳೆಸಿ ನೋಡುತ್ತೇನೆ.

ವೃಷಭೇಂದ್ರಪ್ಪ

*

ಈಜಿಪ್ಟ್ ದೇಶ
೧೨ನೇ ಆಗಸ್ಟ್ ೧೯೧೬

ಅವ್ವನ ಪಾದಗಳಿಗೆ ಶರಣು.

ಮೇವಿನ ನೆಪ ಹೇಳಿ ಮತ್ತೆ ಆ ಊರಿಗೆ ಹೋಗಿದ್ದೆ. ಈ ಸಲ ಗಂಡ ಹೆಂಡತಿ ಇಬ್ಬರನ್ನೂ ಸಮನಾಗಿ ಕೆತ್ತಿದ ಕಲ್ಲು ಎಲ್ಲಾದರೂ ಇದೆಯಾ ತೋರಿಸು ಎಂದು ಆ ಮುದುಕನ ಬೆನ್ನು ಹತ್ತಿದೆ. ಇಂಥದ್ದನ್ನು ಯಾರೂ ಕೇಳಿರಲಿಲ್ಲವಂತೆ. ಬಿಸಿಲಲ್ಲಿ ಅಲೆದಾಡಿಸಿ ಕಡೆಗೆ ಗುಡ್ಡದ ಒಳಗೆ ಕೊರೆದ ಒಂದು ಸಮಾಧಿಗೆ ಕರೆದುಕೊಂಡು ಹೋದ. ಅಲ್ಲಿ ಯಾವನೋ ಸರ್ಕಾರಿ ನೌಕರನೂ ಅವನ ಹೆಂಡತಿಯೂ ಒಂದೇ ಮಣೆಯ ಮೇಲೆ ಕೂತಿದ್ದಾರೆ. ಇಬ್ಬರ ತಲೆಯೂ ಒಂದೇ ಎತ್ತರಕ್ಕಿದೆ. ಅವಳು ಅವನ ಹೆಗಲ ಮೇಲೆ ಕೈ ಹಾಕಿದ್ದಾಳೆ. ಅವಳ ಜಡೆಯ ಒಂದೊಂದು ಎಳೆಯನ್ನೂ ಕೆತ್ತಿದ್ದಾರೆ. ಬಹಳ ಹೊತ್ತು ನೋಡುತ್ತ ನಿಂತೆ. ಅಪ್ಪಾಜಿ ಊಟ ಮಾಡುವಾಗ ನೀನು ಪಕ್ಕದಲ್ಲಿ ಕೂತು ಮಾತಾಡುವುದು ನೆನಪಾಯಿತು, ಅಳು ಬಂತು. ಮುದುಕ ನನಗೆ ನೀರು ಕೊಟ್ಟ.

ಆದ್ದರಿಂದ ಅಪ್ಪಾಜಿ ಹೇಳುವ ಪದ್ಧತಿ ಪೂರ್ತಿ ಪದ್ಧತಿಯಲ್ಲ. ಅವರಿಗೆ ಅರ್ಧ ಬರೆದದ್ದು ನನ್ನ ತಪ್ಪು.

ಗಾರೆ ಮೆತ್ತಿಸುತ್ತೇನೆ ಎಂದು ಬರೆದಿದ್ದಾರೆ. ಬೇಡವೆನ್ನು. ಇಲ್ಲಿ ಒಬ್ಬ ರಾಜನ ಕಾಲನ್ನು ತಪ್ಪಾಗಿ ಕೆತ್ತಿ, ಅದನ್ನು ಗಾರೆಯಿಂದ ಮುಚ್ಚಿ, ಪಕ್ಕದಲ್ಲಿ ಬೇರೆ ಕಾಲು ಕೆತ್ತಿ ಬಣ್ಣ ಬಳಿದಿದ್ದರಂತೆ. ಈಗ ಗಾರೆ ಉದುರಿಹೋಗಿ ರಾಜ ಮೂರು ಕಾಲಲ್ಲಿ ನಿಂತಿದ್ದಾನೆ. ಉಬ್ಬಿಸುವಷ್ಟು ಕಲ್ಲು ಇಲ್ಲದ ಕಡೆ ಗೆರೆಯೊಳಗೆ ತಗ್ಗು ಕೊರೆದು ಕೆತ್ತುವುದೂ ಇಲ್ಲಿ ಉಂಟು. ಹೊರಗೋಡೆಗಳ ಮೇಲೆಲ್ಲ ಹಾಗೇ ಮಾಡಿದ್ದಾರೆ, ಬಿಸಿಲು ಬಿದ್ದಾಗ ನೆರಳಿನಿಂದಲೇ ಮೂರ್ತಿ ಎದ್ದು ಕಾಣುತ್ತದೆ. ಕಾಳಾಚಾರಿಗೆ ತಿಳಿಸಲು ಅಪ್ಪಾಜಿಗೂ ಬರೆಯುತ್ತೇನೆ.

ನಮ್ಮ ದಂಡು ಮರಳುಗಾಡಿನ ಕಡೆ ಹೊರಡುವ ಸುದ್ದಿ ಇದೆ. ಕಾಗದ ತಡವಾದರೆ ಯೋಚನೆ ಮಾಡಬೇಡ.

ನಿನ್ನ ಮಗ,
ನಂದೀಶ

*

ಕೊರಟಗೆರೆ
೯ನೇ ಅಕ್ಟೋಬರ್ ೧೯೧೬

ಯಜಮಾನರಿಗೆ ದಾಕ್ಷಾಯಣಿ ಬರೆಯುವುದು.

ಮದುವೆಯಾದಾಗಿನಿಂದ ನಿಮಗೆ ಕಾಗದ ಬರೆದವಳಲ್ಲ. ಎದುರಿಗೆ ನಿಂತು ಹೇಳಿದ್ದನ್ನೇ ಕೇಳದವರಿಗೆ ಬರೆದು ಏನು ಫಲ ಎಂದು ಸುಮ್ಮನಿದ್ದೆ.

ಮೊನ್ನೆಯ ಮಳೆಗೆ ನನ್ನ ಗಾರೆಯ ತಲೆ ಕರಗಿ ನಿಮ್ಮ ಪಾದದ ಮೇಲೆ ಹರಿಯಿತೆಂದು ಸಂತೆಗೆ ಹೋಗಿ ಬಂದವರು ಹೇಳಿದರು. ಲಂಕಿಣಿ ಕಣ್ಣೀರು ಹಾಕುತ್ತಿದ್ದಾಳೆಂದು ಜನ ಕಾಯಿ ಒಡೆದರಂತೆ. ನನಗೆ ಇನ್ನು ಇಂಥ ರಿಪೇರಿ ಬೇಡ.

ನನ್ನದು ಒಂದೇ ಮಾತು. ನನ್ನನ್ನು ನಿಮ್ಮೆತ್ತರಕ್ಕೆ ತನ್ನಿ, ಇಲ್ಲದಿದ್ದರೆ ನೀವು ನನ್ನೆತ್ತರಕ್ಕೆ ಬನ್ನಿ. ಕಲ್ಲು ಬೆಳೆಯುವುದಿಲ್ಲ ಎಂದು ಕಾಳಾಚಾರಿ ಹೇಳುತ್ತಾನಂತೆ. ಹಾಗಾದರೆ ಉಳಿದದ್ದು ಯಾವುದು ಎಂದು ನೀವೇ ಯೋಚಿಸಿ.

ನೆಲಗಡಲೆ ಚಟ್ನಿಪುಡಿ ಕಳಿಸಿದ್ದೇನೆ. ರಾಜಿಯೆಂದು ತಿಳಿಯಬೇಡಿ. ನೀವು ಸೊರಗಿದ್ದೀರಿ ಎಂದು ಕೇಳಿದೆ, ಅದಕ್ಕೆ.

ದಾಕ್ಷಾಯಣಿ

*

ಮಧುಗಿರಿ
೨೭ನೇ ನವೆಂಬರ್ ೧೯೧೬

ಸೌಭಾಗ್ಯವತಿ ದಾಕ್ಷಾಯಣಿಗೆ,

ನಿನ್ನ ಕಾಗದಕ್ಕೆ ಉತ್ತರವಾಗಿ ನಾಲ್ಕು ಪುಟ ಬರೆದಿದ್ದೆ. ಮನೆತನ, ಶಾಸ್ತ್ರ, ನನ್ನ ವಯಸ್ಸು ಎಲ್ಲ ಅದರಲ್ಲಿತ್ತು. ಹರಿದು ಒಲೆಗೆ ಹಾಕಿದೆ.

ನಂದೀಶನ ಕಾಗದ ಆಗಸ್ಟಿನಲ್ಲಿ ಬರೆದದ್ದೇ ಕಡೆಯದು. ಆಮೇಲೆ ಇಲ್ಲ. ದಿನಾ ಟಪಾಲು ಆಫೀಸಿನ ಕಟ್ಟೆಯ ಮೇಲೆ ಕೂರುತ್ತೇನೆ. ಪೋಸ್ಟ್ ಮಾಸ್ಟರು ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಾರೆ. ನಿನಗೇನಾದರೂ ಬಂದಿದೆಯೇ? ಬಂದಿದ್ದರೆ ಈ ಗಾಡಿಯವನ ಕೈಯಲ್ಲೇ ಒಂದು ಸಾಲು ಕಳಿಸು. ನನಗೆ ಭಯವಾಗುತ್ತಿದೆ ದಾಕ್ಷಾಯಣಿ.

ಕಾಳಾಚಾರಿಯನ್ನು ಕರೆಸಿದ್ದೇನೆ. ನಾಳೆ ನನ್ನ ತಲೆಯಿಂದ ಶುರುಮಾಡುತ್ತಾನೆ.

ವೃಷಭೇಂದ್ರಪ್ಪ

*

ಮಧುಗಿರಿ
೪ನೇ ಫೆಬ್ರವರಿ ೧೯೧೭

ನನ್ನ ಕಂದ ನಂದೀಶನಿಗೆ ಅವ್ವನ ಆಶೀರ್ವಾದ.

ಮಧುಗಿರಿ ಅಂತ ಬರೆದಿದ್ದೇನೆ, ನೋಡಿದೆಯಾ?

ಜ್ವರ ಬಂದು ಆಸ್ಪತ್ರೆಯಲ್ಲಿದ್ದೆ ಅಂತ ಈಗ ಬರೆಯುತ್ತೀಯಲ್ಲ, ನಿನ್ನನ್ನು ಏನು ಮಾಡಲಿ. ಕೈಲಾಗದಿದ್ದರೆ ಪಕ್ಕದವರ ಕೈಲಿ ಎರಡು ಸಾಲು ಬರೆಸಬಾರದಿತ್ತೇ? ಹೋಗಲಿ, ಎದ್ದು ಓಡಾಡುತ್ತಿದ್ದೀಯಲ್ಲ, ಅಷ್ಟು ಸಾಕು.

ಕಲ್ಲಿನ ವಿಚಾರ ಹೇಳುತ್ತೇನೆ. ನಿಮ್ಮಪ್ಪ ಗಾಡಿಯವನ ಕೈಲಿ ಕಳಿಸಿದ ಕಾಗದ ಓದಿ ಅದೇ ಗಾಡಿಯಲ್ಲಿ ಹೊರಟುಬಂದೆ. ನೆಟ್ಟಗೆ ಗುಡಿಯ ಹತ್ತಿರ ಇಳಿದೆ. ಕಾಳಾಚಾರಿ ಪೇಟ, ಮೂಗು, ಮೀಸೆ ಎಲ್ಲ ಹಾರಿಸಿ ಎದೆಗೆ ಬಂದಿದ್ದ. ನಿಮ್ಮಪ್ಪ ಎದುರಿಗೆ ಕಲ್ಲಿನ ಮೇಲೆ ಕೂತು ಒಂದೊಂದು ಏಟಿಗೂ ತಮ್ಮ ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಕಲ್ಲಿನಿಂದ ಕಣ್ಣು ತೆಗೆಯದೆ ಚಟ್ನಿಪುಡಿಗೆ ಉಪ್ಪು ಜಾಸ್ತಿಯಾಗಿತ್ತು ಅಂದರು. ಮೈಮೇಲೆ ಬಂದ ಹಾಗೆ ಅಳು ಬಂತು ನನಗೆ.

ಮೊಣಕಾಲಿಂದ ಮೇಲೆ ಎಲ್ಲ ಹೋಯಿತು. ಉಳಿದ ಆ ದಪ್ಪ ಕಾಲಿನ ಕಲ್ಲಿನೊಳಗಿಂದಲೇ ಕಾಳಾಚಾರಿ ಇಡೀ ನಿಮ್ಮಪ್ಪನನ್ನು ತೆಗೆದ. ನನ್ನನ್ನೂ ತಿದ್ದಿ ನೆಟ್ಟಗೆ ನಿಲ್ಲಿಸಿದ. ಬಣ್ಣ ತೊಳೆಸಿದೆ. ಈಗ ಅಷ್ಟು ದೊಡ್ಡ ಚಪ್ಪಡಿಯ ಬುಡದಲ್ಲಿ ನಾವಿಬ್ಬರೂ ಕೈಮುಗಿದುಕೊಂಡು, ಬಯಲಲ್ಲಿ ಗಾಡಿಗೆ ಕಾಯುವವರ ಹಾಗೆ ನಿಂತಿದ್ದೇವೆ.

ಮುದ್ದಪ್ಪ ಬೆಣ್ಣೆ ಹಿಡಿದುಕೊಂಡು ಬಂದು ದಿಗಿಲಾಗಿ ನಿಂತ. "ನಮ್ ಆಂಜನೇಯಪ್ಪನ್ನ ಎಲ್ಲಿಗ್ ಕಳಿಸ್ಬುಟ್ರಿ?" ಅಂತ ಜಗಳಕ್ಕೆ ಬಂದ. ನಿಮ್ಮಪ್ಪ ಬೈಯುತ್ತಾರೆ ಅಂದುಕೊಂಡೆ.

"ಸಮುದ್ರ ದಾಟಿ ನನ್ನ ಮಗನ ಸುದ್ದಿ ತರೋಕೆ ಹೋಗಿದ್ದಾನೆ ಕಣಯ್ಯ" ಅಂದರು.

ಮುದ್ದಪ್ಪ ತಲೆಯಾಡಿಸಿ ಬೆಣ್ಣೆಯನ್ನು ಖಾಲಿ ಕಲ್ಲಿಗೇ ಹಚ್ಚಿ ಹೋದ. ಮುಂದಿನ ವಾರ ನಿನ್ನ ಕಾಗದ ಬಂತು. ಅವನಿಗೆ ಹೇಳಿದರೆ ಅದರಲ್ಲೇನು ಅನ್ನುವ ಹಾಗೆ ನೋಡಿದ.

ಪೂಜೆ ಆಯಿತು. ಸ್ವಾಮಿಗಳು ಬಂದಿದ್ದರು, ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತಿದ್ದೆವು. ಮೇಲಿನ ಖಾಲಿ ಜಾಗದಲ್ಲಿ ನಿನ್ನನ್ನು ಕುದುರೆಯ ಮೇಲೆ ಕೂರಿಸಿ, ನೀನು ಬರೆದ ಹಾಗೆ ತಗ್ಗು ಕೊರೆದು ಕೆತ್ತಿಸೋಣವೆಂದು ನಿಮ್ಮಪ್ಪ ಕೇಳಿದರು. ನಾನು ಬೇಡವೆಂದೆ. ನಿನ್ನನ್ನು ಕಲ್ಲಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳುವವಳಲ್ಲ ನಾನು. ನೀನೇ ಬಂದು ಆ ಕಲ್ಲಿಗೆ ಬೆನ್ನು ಕೊಟ್ಟು ನಿಲ್ಲು. ಅಲ್ಲಿಯವರೆಗೆ ಆ ಜಾಗ ಹಾಗೇ ಇರುತ್ತದೆ.

ಅವ್ವ,
ದಾಕ್ಷಾಯಣಮ್ಮ

ಚಿ. ನಂದೀಶ, ಇವಳು ಒಲೆಯ ಮುಂದೆ ಇದ್ದಾಳೆ, ಲಕೋಟೆ ಅಂಟಿಸುವ ಮೊದಲು ಈ ಸಾಲು ಸೇರಿಸುತ್ತಿದ್ದೇನೆ. ನಿನ್ನೆ ಗುಡಿಗೆ ಹೋದಾಗ ಯಾರೂ ಇಲ್ಲದ ಹೊತ್ತು ನೋಡಿ ಒಂದು ದಾರ ಹಿಡಿದು ಅಳೆದೆ. ಕಲ್ಲಿನಲ್ಲಿ ನಾನು ನಿಮ್ಮವ್ವನಿಗಿಂತ ಒಂದು ಬೆರಳು ಎತ್ತರ ಇದ್ದೇನೆ. ಕಾಳಾಚಾರಿಯ ಕೈ ತಪ್ಪಿರಬೇಕು. ಅವಳಿಗೆ ಗೊತ್ತಾಗಿಲ್ಲ, ನೀನು ಬರೆಯಬೇಡ. ವೃ.

ನಂದೀಶ, ಲಕೋಟೆ ಅಂಟಿಸಿ ವಿಳಾಸ ಬರೆಯುವವಳು ನಾನೇ ಎಂಬುದು ನಿಮ್ಮಪ್ಪನಿಗೆ ಮರೆತುಹೋಗಿದೆ. ಕಾಳಾಚಾರಿಯ ಕೈ ತಪ್ಪಲಿಲ್ಲ. ಆ ಒಂದು ಬೆರಳು ಬಿಡು ಅಂತ ನಾನೇ ಹೇಳಿದ್ದೆ. ದಾ.